ಎರಡನೆಯ ಪುಸ್ತಕ ಎಲ್ಲಿದೆ?

ಬಿ.ಕಾಂ., ಬಿ.ಬಿ.ಎ. ಓದುವವರಿಗೆ ‘ವ್ಯವಹಾರ ಮಾಹಿತಿ ವ್ಯವಸ್ಥೆಗಳು’ ಎಂಬ ಪ್ರವೇಶಿಕೆ ಪತ್ರಿಕೆ ಬೇರೆ ಬೇರೆ ಹೆಸರಿನಲ್ಲಿ ಇದ್ದೇ ಇರುತ್ತದೆ. ಕಂಠಪಾಠ ಮಾಡಿದರೆ ಅಂಕ ಬರುವ ಪತ್ರಿಕೆ ಎಂದು ಅದನ್ನು ಬದಿಗೆ ಸರಿಸುವ ರೂಢಿಯೂ ಇದೆ. ಉಡುಪಿ ಸೀಮೆಯ ಅಧ್ಯಾಪಕಿಯೊಬ್ಬರು ಆ ಪತ್ರಿಕೆಗೆ ಹೊಸ ಪಠ್ಯಕ್ರಮದ ಕರಡು ಬರೆದು, ತಮ್ಮ ತಂದೆಯ ಗೆಳೆಯರಿಗೆ ಓದಲು ಕೊಟ್ಟರು. ಆ ಹಿರಿಯರು ಬ್ಯಾಂಕಿನಲ್ಲಿ ಲೆಡ್ಜರ್ ಕಾಲದಿಂದ ಕೋರ್ ಬ್ಯಾಂಕಿಂಗ್ ಕಾಲದವರೆಗೆ ದುಡಿದು ನಿವೃತ್ತರಾದವರು. ಇಬ್ಬರ ಮಾತನ್ನು ಇಲ್ಲಿ ಬರೆದಿಟ್ಟಿದ್ದೇನೆ, ಏಕೆಂದರೆ ಈ ಪತ್ರಿಕೆಯಲ್ಲಿ ಏನು ಕಲಿಸಬೇಕು ಎಂಬ ಪ್ರಶ್ನೆ ಕಾಲೇಜಿನ ಗೋಡೆಯೊಳಗೆ ಮುಗಿಯುವಂಥದ್ದಲ್ಲ.

ಹಿರಿಯರು: ಕರಡು ಪೂರ್ತಿ ಓದಿದೆ. ಮೊದಲನೇ ಘಟಕದಲ್ಲಿ ದತ್ತಾಂಶ ಎಂದರೇನು, ಮಾಹಿತಿ ಎಂದರೇನು, ಜ್ಞಾನ ಎಂದರೇನು. ಎರಡು ಅಂಕದ ಮೂರು ಪ್ರಶ್ನೆ ಸಿಕ್ಕಿತು. ವ್ಯವಹಾರ ಎಲ್ಲುಂಟು?

ಅಧ್ಯಾಪಕಿ: ಮುಂದೆ ಬರುತ್ತದೆ ಸರ್. ಯಂತ್ರ, ತಂತ್ರಾಂಶ, ದತ್ತಾಂಶ, ಕಾರ್ಯವಿಧಾನ, ಜನ, ಈ ಐದು ಸೇರಿದರೆ ಮಾಹಿತಿ ವ್ಯವಸ್ಥೆ ಅಂತ ಪಠ್ಯಪುಸ್ತಕಗಳು ಹೇಳುತ್ತವೆ.

ಹಿರಿಯರು: ಅದರಲ್ಲಿ ಜನ ಕೊನೆಗೆ. ಅವರಿಗೆ ನೀನು ಕೊಟ್ಟದ್ದು ಒಂದು ಗಂಟೆ. ತಿರುಗಿಸಿ ಬರೆ ಮಾರಾಯ್ತಿ. ಕಂಪ್ಯೂಟರ್ ಬರುವ ಮೊದಲೂ ಮಾಹಿತಿ ವ್ಯವಸ್ಥೆ ಇತ್ತು ಅಂತ ಮೊದಲ ದಿನವೇ ಮಕ್ಕಳಿಗೆ ಗೊತ್ತಾಗಬೇಕು. ನಮ್ಮ ಊರಿನದ್ದೇ ಉಂಟಲ್ಲ, ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು. ಆಗ ಅದರ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ.

ಅಧ್ಯಾಪಕಿ: ಅದನ್ನು ಉಳಿತಾಯದ ಯೋಜನೆ ಅಂತ ಎಲ್ಲರೂ ಕಲಿಸುತ್ತಾರೆ. ಮಾಹಿತಿ ವ್ಯವಸ್ಥೆ ಅಂತ ಹೇಗೆ ಕಲಿಸಲಿ?

ಹಿರಿಯರು: ಎರಡಾಣೆಯ ಬೆನ್ನು ಹತ್ತಿ ಹೋಗು. ಹಣ ತೆಗೆದುಕೊಂಡ ಕೂಡಲೇ ಏಜೆಂಟ್ ಗಿರಾಕಿಯ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಅದೇ ಮೊತ್ತ ಅವನ ದಿನದ ಪಟ್ಟಿಯಲ್ಲೂ ಬರಬೇಕು. ಪಟ್ಟಿಯ ಒಟ್ಟಿಗೂ ಕ್ಯಾಷಿಯರ್ ಎಣಿಸಿಕೊಂಡ ಹಣಕ್ಕೂ ತಾಳೆಯಾಗಬೇಕು. ಆಮೇಲೆ ಲೆಡ್ಜರಿಗೆ ಏರಬೇಕು. ಒಂದು ಎರಡಾಣೆಗೆ ನಾಲ್ಕು ಕಡೆ ಗುರುತು. ಕಾರ್ಡು ಗಿರಾಕಿಯ ಕೈಯಲ್ಲಿ, ಪಟ್ಟಿ ಏಜೆಂಟನ ಕೈಯಲ್ಲಿ, ಹಣ ಕ್ಯಾಷಿಯರ್ ಕೈಯಲ್ಲಿ, ಲೆಡ್ಜರ್ ಗುಮಾಸ್ತನ ಕೈಯಲ್ಲಿ. ಒಬ್ಬ ತಪ್ಪಿದರೆ ಇನ್ನೊಬ್ಬನ ಪುಸ್ತಕ ಹೇಳುತ್ತದೆ.

ಅಧ್ಯಾಪಕಿ: ಬರೆದುಕೊಳ್ಳುತ್ತೇನೆ. ಆದರೆ ಒಂದು ಕೇಳಲೇ? ಏಜೆಂಟ್ ಕಾರ್ಡಿನಲ್ಲಿ ಬರೆದು, ಪಟ್ಟಿಯಲ್ಲಿ ಬರೆಯದೆ, ಹಣ ಜೇಬಿಗೆ ಹಾಕಿಕೊಂಡರೆ? ಕಾರ್ಡು ಮನೆಯ ಕಪಾಟಿನಲ್ಲಿ, ಲೆಡ್ಜರ್ ಬ್ಯಾಂಕಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದುದು ಯಾವಾಗ?

ಹಿರಿಯರು: ಆಗಾಗ ಕಾರ್ಡು ತರಿಸಿ ನೋಡಬೇಕು. ನಿಜ ಹೇಳುವುದಾದರೆ, ಎಷ್ಟೋ ಸಲ ಗಿರಾಕಿ ಖಾತೆ ಮುಚ್ಚಲು ಬಂದ ದಿನವೇ ಗೊತ್ತಾಗುತ್ತಿತ್ತು.

ಅಧ್ಯಾಪಕಿ: ಅಷ್ಟರಲ್ಲಿ ಮಗಳ ಮದುವೆಗೆ ಅಂತ ಕೂಡಿಟ್ಟದ್ದು ಹೋಗಿರುತ್ತಿತ್ತು. ಈಗ ಏಜೆಂಟನ ಕೈಯಲ್ಲಿ ಸಣ್ಣ ಯಂತ್ರ ಇದೆ. ಹಣ ಕೊಟ್ಟವಳು ಮೀನಿನ ಬುಟ್ಟಿ ಎತ್ತಿಕೊಳ್ಳುವ ಮೊದಲೇ ಮೊಬೈಲಿಗೆ ಸಂದೇಶ ಬರುತ್ತದೆ. ನಿಮ್ಮ ನಾಲ್ಕು ಪುಸ್ತಕಗಳು ವರ್ಷದ ಕೊನೆಗೆ ಹೇಳುತ್ತಿದ್ದ ಮಾತನ್ನು ಇದು ಅರೆ ನಿಮಿಷದಲ್ಲಿ ಹೇಳುತ್ತದೆ. ಯಂತ್ರವನ್ನು ಕೊನೆಯ ಸಾಲಿಗೆ ತಳ್ಳಲು ನನಗೆ ಮನಸ್ಸಿಲ್ಲದ್ದು ಇದಕ್ಕೇ.

ಹಿರಿಯರು: ತಳ್ಳು ಅಂತ ನಾನು ಹೇಳಲಿಲ್ಲ. ಕೆಲಸ ಗೊತ್ತಿಲ್ಲದವನಿಗೆ ಯಂತ್ರ ಕೊಡಬೇಡ ಅಂದೆ. ಕಂಪ್ಯೂಟರ್ ಯುದ್ಧಕ್ಕೂ ವಿಜ್ಞಾನಕ್ಕೂ ಹುಟ್ಟಿದ್ದು, ವ್ಯವಹಾರಕ್ಕೆ ಆಮೇಲೆ ತಂದು ಅಂಟಿಸಿದ್ದು.

ಅಧ್ಯಾಪಕಿ: ಪೂರ್ತಿ ಹಾಗಲ್ಲ ಸರ್. ಇಂಗ್ಲೆಂಡಿನಲ್ಲಿ ಜೆ. ಲಯನ್ಸ್ ಎಂಬ ಕಂಪನಿ ಇತ್ತು. ಟೀ ಅಂಗಡಿ, ಬ್ರೆಡ್ಡು, ಕೇಕು ಅದರ ವ್ಯಾಪಾರ. ಲಕ್ಷಗಟ್ಟಲೆ ಸಣ್ಣ ಮಾರಾಟ, ಒಂದೊಂದರಲ್ಲೂ ಪುಡಿಗಾಸಿನ ಲಾಭ, ಆ ಲೆಕ್ಕಕ್ಕೇ ಗುಮಾಸ್ತರ ದಂಡು. 1947ರಲ್ಲಿ ಇಬ್ಬರು ಅಧಿಕಾರಿಗಳನ್ನು ಅಮೆರಿಕಕ್ಕೆ ಕಳಿಸಿ ಈ ಹೊಸ ಯಂತ್ರ ಏನೆಂದು ನೋಡಿಕೊಂಡು ಬರಲು ಹೇಳಿದರು. ಕೊಳ್ಳಲು ತಯಾರಾದ ಯಂತ್ರ ಎಲ್ಲೂ ಇರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸಾಕ್ ಯೋಜನೆಗೆ ಹಣಕಾಸಿನ ನೆರವು ಕೊಟ್ಟು, ಅದರ ಮಾದರಿಯಲ್ಲಿ ತಾವೇ ಕಟ್ಟಿದರು. ಹೆಸರು ಲಿಯೋ. 1951ರ ನವೆಂಬರಿನಲ್ಲಿ ಅದು ಬೇಕರಿಯ ಲೆಕ್ಕ ಮಾಡತೊಡಗಿತು. ಕಚೇರಿಯ ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಹಚ್ಚಿದ ಮೊದಲ ಸಂಸ್ಥೆ ಟೀ ಮಾರುವ ಸಂಸ್ಥೆ.

ಹಿರಿಯರು: ಅಂದರೆ ನನ್ನ ಮಾತೇ ಗಟ್ಟಿಯಾಯಿತು. ಅವರಿಗೆ ಟೀ ಅಂಗಡಿಯ ಕೆಲಸ ಗೊತ್ತಿತ್ತು. ಯಂತ್ರ ಆಮೇಲೆ ಬಂತು.

ಅಧ್ಯಾಪಕಿ: ಗೊತ್ತಿತ್ತು, ನಿಜ. ಕಚೇರಿ ಕೆಲಸ ಹೇಗೆ ನಡೆಯಬೇಕೆಂದು ಅಭ್ಯಾಸ ಮಾಡಲಿಕ್ಕೇ ಅವರಲ್ಲಿ ಒಂದು ವಿಭಾಗ ಇತ್ತು. ಆದರೆ ಯಂತ್ರಕ್ಕೆ ‘ಎಂದಿನಂತೆ ಮಾಡು’ ಎಂದು ಹೇಳಲಾಗುವುದಿಲ್ಲ. ಪ್ರತಿ ಹೆಜ್ಜೆ ಬಿಡಿಸಿ ಹೇಳಬೇಕು. ಬಿಡಿಸಲು ಕೂತಾಗಲೇ ನಮ್ಮ ಕೆಲಸದಲ್ಲಿ ಎಷ್ಟು ಅಂದಾಜು, ಎಷ್ಟು ರೂಢಿ ಸೇರಿದೆ ಎಂದು ಕಾಣುವುದು. ನಮ್ಮ ಹುಡುಗರು ಇದನ್ನು ಕಾಗದದ ಮೇಲೆ ಮಾಡಲಿ. ಕಾಲೇಜಿಗೆ ಫೀಸು ಕಟ್ಟಿದ ಹಣ ಯಾರಿಂದ ಯಾರಿಗೆ, ಯಾವ ಪುಸ್ತಕಕ್ಕೆ ಹೋಗುತ್ತದೆ ಎಂದು ಬಾಣ ಎಳೆದು ತೋರಿಸಲಿ. ಅದು ಪ್ರೋಗ್ರಾಮಿಂಗ್ ಬಾರದವರಿಗೂ ಆಗುವ ಕೆಲಸ.

ಹಿರಿಯರು: ಅದು ಆಗಲಿ. ಎರಡನೇ ಘಟಕದ ಡೇಟಾಬೇಸಿನಲ್ಲಿ ನನ್ನದೊಂದು ತಕರಾರು ಉಂಟು. ‘ಪುನರಾವರ್ತನೆ ತಪ್ಪಿಸುವುದು’ ಅಂತ ಬರೆದಿದ್ದೀಯ. ನಾವು ಬದುಕಿದ್ದೇ ಪುನರಾವರ್ತನೆಯಿಂದ.

ಅಧ್ಯಾಪಕಿ: ಇದು ಎಡ್ಗರ್ ಕಾಡ್ ಕೊಟ್ಟ ವಿಚಾರ ಸರ್. ಐಬಿಎಂನಲ್ಲಿದ್ದ ಗಣಿತಜ್ಞ, 1970ರಲ್ಲಿ ಬರೆದ ಪ್ರಬಂಧ. ಎಲ್ಲವನ್ನೂ ಕೋಷ್ಟಕಗಳಲ್ಲಿ ಇಡಬೇಕು, ಒಂದು ಸಂಗತಿ ಒಂದೇ ಕಡೆ ಇರಬೇಕು. ನಿಮ್ಮ ಕಾಲದಲ್ಲಿ ಗಿರಾಕಿ ಮನೆ ಬದಲಿಸಿದರೆ ಉಳಿತಾಯದ ಲೆಡ್ಜರಿನಲ್ಲಿ ಹೊಸ ವಿಳಾಸ, ಸಾಲದ ಲೆಡ್ಜರಿನಲ್ಲಿ ಹಳೆಯದು. ನೋಟಿಸು ಹಳೆಯ ಮನೆಗೆ ಹೋಗುತ್ತಿತ್ತು. ಅದು ತಪ್ಪಬೇಡವೇ?

ಹಿರಿಯರು: ವಿಳಾಸಕ್ಕೆ ಸರಿ. ಹಣಕ್ಕೆ? 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಚೋಲಿಯ ಪುಸ್ತಕ ಅಚ್ಚಾಯಿತು. ವ್ಯಾಪಾರಿಗಳು ಮೊದಲಿಂದ ಮಾಡಿಕೊಂಡು ಬಂದಿದ್ದ ಜೋಡಿ ನಮೂದನ್ನು ಅವನು ವಿವರಿಸಿ ಬರೆದ. ಪ್ರತಿ ಖರ್ಚಿಗೊಂದು ಜಮಾ. ಒಂದೇ ಸಂಗತಿಯನ್ನು ಬೇಕೆಂದೇ ಎರಡು ಸಲ ಬರೆಯುವುದು, ಏಕೆಂದರೆ ಮನುಷ್ಯ ತಪ್ಪುತ್ತಾನೆ. ಒಂದೇ ಕಡೆ ಬರೆದಿಟ್ಟು ಅದು ತಪ್ಪಾದರೆ, ತಪ್ಪು ಅಂತ ಹೇಳುವ ಎರಡನೆಯ ಪುಸ್ತಕ ಎಲ್ಲಿದೆ?

ಅಧ್ಯಾಪಕಿ: ಜೋಡಿ ನಮೂದು ಕಂಪ್ಯೂಟರಿನ ಒಳಗೂ ಇದೆ. ಜಮಾ-ಖರ್ಚು ಸಮ ಆಗದೆ ಅದು ನಮೂದನ್ನು ಸ್ವೀಕರಿಸುವುದೇ ಇಲ್ಲ.

ಹಿರಿಯರು: ಎರಡೂ ಒಬ್ಬನ ಕೈಯಲ್ಲೇ ಇದ್ದರೆ ಅದು ಸಾಕ್ಷಿ ಆಗುವುದಿಲ್ಲ. ನಮ್ಮಲ್ಲಿ ಮೊದಲು ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಕೈಲೆಕ್ಕ, ಯಂತ್ರದ ಲೆಕ್ಕ ಎರಡನ್ನೂ ಜೊತೆಯಾಗಿ ನಡೆಸುತ್ತಿದ್ದೆವು. ಪ್ಯಾರಲಲ್ ರನ್ ಅಂತ ಅದಕ್ಕೆ ಹೆಸರು. ಸಂಜೆ ಎರಡೂ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ನಂಬಿಕೆ ಬಂದ ಮೇಲೆ ಕೈಪುಸ್ತಕ ನಿಲ್ಲಿಸಿದರು. ನಿಲ್ಲಿಸಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಗಿರಾಕಿಯ ಪಾಸ್‌ಬುಕ್ ಕೂಡ ಅದೇ ಯಂತ್ರದಿಂದ ಅಚ್ಚಾಗಿ ಬರತೊಡಗಿದ ದಿನದಿಂದ, ಗಿರಾಕಿಯ ಕೈಯಲ್ಲಿ ಇರುವುದು ನಮ್ಮ ಪುಸ್ತಕದ ನಕಲು. ಅದು ಅವನ ಸ್ವಂತ ಪುಸ್ತಕ ಅಲ್ಲ.

(ಇಲ್ಲಿ ಅಧ್ಯಾಪಕಿ ಸ್ವಲ್ಪ ಹೊತ್ತು ಕರಡಿನ ಪುಟಗಳನ್ನು ತಿರುವಿದರು. ಮುಂದೆ ಅವರು ಹೇಳಿದ ಸಂಗತಿಯನ್ನು ಕೊನೆಯ ಘಟಕದಲ್ಲಿ, ‘ವೈಫಲ್ಯಗಳು’ ಎಂಬ ತಲೆಬರಹದ ಅಡಿ ಸೇರಿಸಿಕೊಂಡಿದ್ದರು.)

ಅಧ್ಯಾಪಕಿ: ನಿಮ್ಮ ಮಾತಿಗೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ ಬ್ರಿಟನ್ನಿನ ಅಂಚೆ ಸಂಸ್ಥೆಯದು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ವ್ಯವಸ್ಥೆ ಬಂತು. ಹಳ್ಳಿಯ ಅಂಗಡಿಯೊಳಗೇ ಅಂಚೆ ಕೌಂಟರ್ ನಡೆಸುವ ಸಬ್‌ಪೋಸ್ಟ್‌ಮಾಸ್ಟರುಗಳು ಅದರಲ್ಲಿ ದಿನದ ಲೆಕ್ಕ ಮುಗಿಸಬೇಕು. ಪರದೆ ಸಾವಿರಾರು ಪೌಂಡು ಕಡಿಮೆ ಇದೆ ಅನ್ನುತ್ತಿತ್ತು, ಕೆಲವರು ಕೈಯಿಂದ ಹಾಕಿ ತುಂಬಿದರು. ದೂರವಾಣಿ ಮಾಡಿ ಕೇಳಿದ ಎಷ್ಟೋ ಜನಕ್ಕೆ ಸಿಕ್ಕ ಉತ್ತರ, ‘ಈ ತೊಂದರೆ ನಿಮಗೊಬ್ಬರಿಗೇ.’ ಒಂಬೈನೂರಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಯಾಯಿತು. ಜೈಲಿಗೆ ಹೋದರು, ಮನೆ ಮಾರಿದರು, ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಹಿರಿಯರು: ತಪ್ಪು ಯಂತ್ರದ್ದೇ?

ಅಧ್ಯಾಪಕಿ: ತಂತ್ರಾಂಶದಲ್ಲಿ ದೋಷಗಳಿದ್ದವು, ಅವು ಲೆಕ್ಕದಲ್ಲಿ ಕೊರತೆ ತೋರಿಸಬಲ್ಲವಾಗಿದ್ದವು ಎಂದು 2019ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಶಾಖೆಯ ಲೆಕ್ಕವನ್ನು ದೂರದಿಂದ ಯಾರೂ ಮುಟ್ಟಲಾರರು ಎಂದು ವರ್ಷಗಟ್ಟಲೆ ಹೇಳಿದ್ದೂ ನಿಜವಾಗಿರಲಿಲ್ಲ. ವ್ಯವಸ್ಥೆ ಮಾಡಿಕೊಟ್ಟ ಕಂಪನಿಯವರು ಮುಟ್ಟಬಹುದಿತ್ತು. ಕೊನೆಗೆ 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಬೇಕಾಯಿತು. ಇನ್ನೂ ಒಂದು ಸಂಗತಿ ಇದೆ ಸರ್. ಟೀ ಅಂಗಡಿಯವರು ಕಟ್ಟಿದ ಲಿಯೋ ಕಂಪನಿ ವಿಲೀನಗಳ ಮೇಲೆ ವಿಲೀನವಾಗಿ 1968ರಲ್ಲಿ ಐಸಿಎಲ್ ಸೇರಿತು. ಹೊರೈಜನ್ ಕಟ್ಟಿದ್ದು ಆ ಐಸಿಎಲ್. ಮುಂದೆ ಅದು ಪೂರ್ತಿ ಜಪಾನಿನ ಫುಜಿತ್ಸು ಆಯಿತು. ವಂಶ ಒಂದೇ.

ಹಿರಿಯರು: ಟೀ ಅಂಗಡಿಯ ಕೆಲಸ ಬಲ್ಲವರು ಒಳಗೆ ಕೂತು ಮಾಡಿದ್ದು ಒಂದು, ಹಳ್ಳಿಯ ಕೌಂಟರಿನವನ ಮಾತು ಕೇಳದೆ ನಡೆಸಿದ್ದು ಇನ್ನೊಂದು. ಇದನ್ನು ಕೊನೆಯ ಘಟಕದಲ್ಲಿ ಯಾಕೆ ಇಟ್ಟೆ? ಮೊದಲನೆಯದಕ್ಕೆ ತಾ.

ಅಧ್ಯಾಪಕಿ: ಹೆದರಿಕೆಯಿಂದ ಪಾಠ ಶುರು ಮಾಡಬಾರದು ಅಂತ. ಮೊದಲ ವಾರವೇ ಹೊರೈಜನ್ ಹೇಳಿದರೆ ಕಂಪ್ಯೂಟರ್ ಅಂದರೆ ಮೋಸ ಎಂದು ಹುಡುಗರು ತಿಳಿದುಕೊಳ್ಳುತ್ತಾರೆ. ಪಹಣಿಯ ಕಥೆಯನ್ನೇ ನೋಡಿ. 2001ರಲ್ಲಿ ನಮ್ಮ ರಾಜ್ಯದಲ್ಲಿ ‘ಭೂಮಿ’ ಬಂತು. ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕೆ ಮೊದಲು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕವೇ ಎಲ್ಲ. ಅವರು ಸಿಗಬೇಕು, ಸಿಕ್ಕ ಮೇಲೆ ಮನಸ್ಸು ಮಾಡಬೇಕು. ‘ಭೂಮಿ’ ಬಂದಾಗ ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ತೀರ್ಮಾನವಾಗಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ತಿದ್ದಿದರು ಅಂತ ಗುರುತು ಉಳಿಯಿತು.

ಹಿರಿಯರು: ಕಿಟಕಿಯಲ್ಲಿ ಸಿಕ್ಕ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ? ಅದನ್ನು ತಿದ್ದಿಸಲು ತಿರುಗುವವರನ್ನು ನಾನು ಸಾಲ ಕೊಡುವ ಮೇಜಿನ ಹಿಂದೆ ಕೂತು ನೋಡಿದ್ದೇನೆ. ಹಳೆಯ ಲೆಕ್ಕಿಗನಿಗೆ ಆ ಮನೆ ಗೊತ್ತಿತ್ತು, ಯಂತ್ರಕ್ಕೆ ಅಕ್ಷರ ಮಾತ್ರ ಗೊತ್ತು. ಮತ್ತೆ, ಯಾರ ಜಾಗದ ಪಹಣಿಯನ್ನು ಯಾರು ಬೇಕಾದರೂ ತೆಗೆಯಬಹುದು ಅಂದರೆ ಬ್ರೋಕರನಿಗೂ ಸುಲಭವೇ. ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಅದು ಅನುಕೂಲವಾಯಿತು ಅಂತ ಸಂಶೋಧಕರೂ ಬರೆದಿದ್ದಾರೆ.

ಅಧ್ಯಾಪಕಿ: ಆ ಮನೆ ಗೊತ್ತಿದ್ದ ಲೆಕ್ಕಿಗನಿಗೆ ಆ ಮನೆಯ ಜಾತಿ, ಬಡತನವೂ ಗೊತ್ತಿತ್ತು ಸರ್. ಎಲ್ಲರಿಗೂ ಅವನು ಒಂದೇ ಥರ ಬಾಗಿಲು ತೆರೆಯುತ್ತಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ನೆನೆಯುವಾಗ ಅದರ ಬಾಗಿಲಲ್ಲಿ ನಿಂತು ಕಾದವರನ್ನೂ ನೆನೆಯಬೇಕು.

ಹಿರಿಯರು: ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಎರಡನ್ನೂ ಪಾಠದಲ್ಲಿ ಇಡು. ಆದರೆ ಈಗ ಇನ್ನೊಂದು ಕಡೆಯಿಂದ ಕೇಳುತ್ತೇನೆ. ಇಷ್ಟೆಲ್ಲ ಯೋಚನೆ ಮಾಡಿದ ಹುಡುಗ ಲೆಕ್ಕ ಪರಿಶೋಧಕರ ಆಫೀಸಿಗೆ ಕೆಲಸ ಕೇಳಲು ಹೋದರೆ ಅವರು ಕೇಳುವುದು ‘ಟ್ಯಾಲಿ ಬರುತ್ತಾ, ಜಿಎಸ್‌ಟಿ ರಿಟರ್ನ್ ಹಾಕಿದ್ದೀಯಾ’ ಅಂತ. ಕರಡಿನಲ್ಲಿ ಟ್ಯಾಲಿ ಇಲ್ಲವೇ ಇಲ್ಲ.

ಅಧ್ಯಾಪಕಿ: ಅದನ್ನು ಪೇಟೆಯ ಯಾವ ತರಬೇತಿ ಕೇಂದ್ರವೂ ಕಲಿಸುತ್ತದೆ. ವಿಶ್ವವಿದ್ಯಾಲಯ ಅದನ್ನೇ ಮಾಡಬೇಕೇ? ಮೆನು ಬದಲಾಗುತ್ತದೆ, ಗುಂಡಿ ಬದಲಾಗುತ್ತದೆ.

ಹಿರಿಯರು: ಆ ಕೇಂದ್ರಕ್ಕೆ ಕೊಡಲು ಬೇರೆ ಹಣ ಎಲ್ಲ ಮನೆಯಲ್ಲೂ ಉಂಟಾ? ಅಡಿಕೆ ಸುಲಿದು, ಬೀಡಿ ಕಟ್ಟಿ ಫೀಸು ಹೊಂದಿಸಿದ ತಾಯಿಗೆ ಮಗನ ಕೆಲಸ ಬೇಕು. ಬಡವನ ಮಗನಿಗೆ ಕಾಲೇಜಿನಲ್ಲಿ ಸಿಗದ ಕೈಕೆಲಸ ಎಲ್ಲೂ ಸಿಗುವುದಿಲ್ಲ. ಮತ್ತೆ ಟ್ಯಾಲಿ ಏನು ಹೊರಗಿನದ್ದಾ? 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ತಂತ್ರಾಂಶ ಸಿಗದೆ ಮಗ ಭರತ್ ಬರೆದುಕೊಟ್ಟದ್ದು. ನಿನ್ನ ಲಯನ್ಸಿನ ಕಥೆಯೇ ಇಲ್ಲೂ ನಡೆದಿದೆ.

ಅಧ್ಯಾಪಕಿ: ಸರಿ, ಟ್ಯಾಲಿ ತರುತ್ತೇನೆ, ಆದರೆ ನನ್ನ ರೀತಿಯಲ್ಲಿ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಅದನ್ನು ಆರಿಸಿಡುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ವೋಚರ್ ಹಾಕುವುದನ್ನು ಕಲಿಸಿ, ತಿದ್ದಲು ಹೇಳಿ, ಎಡಿಟ್ ಲಾಗ್ ತೆರೆದು ತೋರಿಸುತ್ತೇನೆ. ಈ ನಿಯಮ ಯಾಕೆ ಬಂತು ಎಂದು ಅವರೇ ಹೇಳಲಿ.

ಹಿರಿಯರು: ಲೆಡ್ಜರಿನಲ್ಲಿ ರಬ್ಬರ್ ಹಾಕುವ ಹಾಗಿರಲಿಲ್ಲ. ತಪ್ಪಿದರೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಕಿರುಸಹಿ ಹಾಕಬೇಕು. ಹಳೆಯ ಅಂಕಿ ಕಾಣುತ್ತಲೇ ಇರಬೇಕು. ಆ ಶಿಸ್ತನ್ನು ಯಂತ್ರಕ್ಕೆ ಕಲಿಸಲು ಇಷ್ಟು ವರ್ಷ ಬೇಕಾಯಿತು.

ಅಧ್ಯಾಪಕಿ: ಎಕ್ಸೆಲ್ ವಿಷಯದಲ್ಲಿ ಮಾತ್ರ ನಾನು ಬಿಡುವುದಿಲ್ಲ. ಗುಂಡಿ ಒತ್ತಲು ಬಂದರೆ ಸಾಲದು. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದು ಗೊತ್ತಾಯಿತು. ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಮಿಕ್ಕದ್ದು ಸದ್ದಿಲ್ಲದೆ ಬಿದ್ದುಹೋಯಿತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಸುದ್ದಿ ಮುಟ್ಟುವುದು ತಡವಾಯಿತು. ಎಕ್ಸೆಲ್ ಬಲ್ಲವರೇ ಅಲ್ಲಿ ಇದ್ದದ್ದು.

ಹಿರಿಯರು: ಅಲ್ಲಿ ಬೇಕಾಗಿದ್ದದ್ದು ಒಬ್ಬ ಹಳೆಯ ಗುಮಾಸ್ತ. ಕಳಿಸುವಾಗ ಎಷ್ಟು ಸಾಲು, ತಲುಪಿದಾಗ ಎಷ್ಟು ಸಾಲು? ಎರಡೂ ತಾಳೆ ನೋಡಿ ಸಹಿ ಹಾಕು. ಮುಗಿಯಿತು. ಈ ಅಭ್ಯಾಸ ಕೈಯಿಂದ ಬರಬೇಕು, ಬರಿಯ ಉಪನ್ಯಾಸದಿಂದ ಬರುವುದಿಲ್ಲ. ಅದಕ್ಕೇ ಹೇಳುವುದು, ಮೊದಲ ಸೆಮಿಸ್ಟರ್ ಪೂರ್ತಿ ಕೈಯಿಂದ ಕಿರ್ದಿ, ಖಾತೆ ಬರೆಸು. ಈ ಪತ್ರಿಕೆ ಮೂರನೇ ಸೆಮಿಸ್ಟರಿಗೆ ಹೋಗಲಿ.

ಅಧ್ಯಾಪಕಿ: ಇದಕ್ಕೆ ನಾನು ಒಪ್ಪುವುದಿಲ್ಲ. ಕಾಲೇಜಿಗೆ ಬರುವ ಹುಡುಗಿ ಯುಪಿಐ ಬಂದ 2016ರ ನಂತರ ಬೆಳೆದವಳು. ಅಂಗಡಿಯಲ್ಲಿ ಹಣ ಬಂತೆಂದು ಕೂಗುವ ಡಬ್ಬಿಯನ್ನು ದಿನಾ ಕೇಳುತ್ತಾಳೆ. ಅದು ಯಾಕೆ ಬಂತು ಅಂತ ಕೇಳಿದರೆ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಗಿರಾಕಿ ತೋರಿಸುವ ಮೊಬೈಲ್ ಪರದೆ ಸುಳ್ಳೂ ಆಗಿರಬಹುದು. ಅಂಗಡಿಯವನಿಗೆ ತನ್ನದೇ ಒಂದು ಸಾಕ್ಷಿ ಬೇಕಿತ್ತು.

ಹಿರಿಯರು: ಅಂದರೆ ಅದು ಅಂಗಡಿಯವನ ಎರಡನೆಯ ಪುಸ್ತಕ! ಇದು ನನಗೆ ಹೊಳೆದಿರಲಿಲ್ಲ. ಆದರೂ ಕೂಗಿದ್ದನ್ನು ಸಂಜೆ ಕೂಡಿಸಿ ನೋಡುವವನು ಬೇಕು.

ಅಧ್ಯಾಪಕಿ: ಅದನ್ನೇ ಹುಡುಗರಿಂದ ಮಾಡಿಸುತ್ತೇನೆ. ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗಲಿ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಎಂದು ಚೀಟಿ ಬರುತ್ತದಲ್ಲ, ಆ ಒಂದು ಚೀಟಿಯ ಹಿಂದೆ ಹೋಗಲಿ. ಸೊಸೈಟಿಯ ಲೆಕ್ಕ, ಒಕ್ಕೂಟದ ಲೆಕ್ಕ, ಕೊನೆಗೆ ಅಮ್ಮನ ಬ್ಯಾಂಕ್ ಖಾತೆ. ಯಾರು ಬರೆದರು, ಯಾರು ತಿದ್ದಬಹುದು, ಫ್ಯಾಟ್ ತಪ್ಪಾಗಿ ಬಂದರೆ ಹಾಲು ಹಾಕಿದವಳು ಯಾರನ್ನು ಕೇಳಬೇಕು? ಈ ಮೂರು ಪ್ರಶ್ನೆಗೆ ಉತ್ತರ ತಂದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹಿರಿಯರು: ತರಗತಿಯಲ್ಲಿ ಅರುವತ್ತು ಮಕ್ಕಳು. ನಿನಗೆ ಬೇರೆ ಪತ್ರಿಕೆಗಳೂ ಉಂಟು. ಅರುವತ್ತು ವರದಿ ಓದುವವರು ಯಾರು? ಒಬ್ಬ ಬರೆದದ್ದನ್ನು ಉಳಿದವರು ನಕಲು ಮಾಡುತ್ತಾರೆ. ಇನ್ನು ಸೊಸೈಟಿಯ ಕಾರ್ಯದರ್ಶಿ, ಲೆಕ್ಕ ಕೇಳಲು ಬಂದ ಹುಡುಗರನ್ನು ಕಂಡರೆ ಒಳಗೆ ಬಿಡುತ್ತಾರಾ? ನಾನು ಮ್ಯಾನೇಜರ್ ಆಗಿದ್ದಾಗ ಬಿಡುತ್ತಿದ್ದೆನೋ ಇಲ್ಲವೋ.

ಅಧ್ಯಾಪಕಿ: ಐದೈದು ಜನರ ತಂಡ ಮಾಡುತ್ತೇನೆ, ವರದಿಯ ಬದಲು ಎದುರು ನಿಲ್ಲಿಸಿ ಬಾಯಲ್ಲಿ ಕೇಳುತ್ತೇನೆ. ಕಾರ್ಯದರ್ಶಿಯ ಬಾಗಿಲಿನ ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ.

ಮಾತು ಅಲ್ಲಿಗೆ ನಿಂತಿತು. ಪಿಗ್ಮಿ ಮೊದಲ ಘಟಕಕ್ಕೆ ಬಂದಿದೆ, ಟ್ಯಾಲಿ ಸೇರಿದೆ. ಹೊರೈಜನ್ ಎಲ್ಲಿರಬೇಕು, ಪತ್ರಿಕೆ ಯಾವ ಸೆಮಿಸ್ಟರಿನಲ್ಲಿರಬೇಕು ಎಂಬುದರಲ್ಲಿ ಇಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಕದಲಿಲ್ಲ. ನನ್ನ ಮಟ್ಟಿಗೆ, ಆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಲಿತ ವಿದ್ಯಾರ್ಥಿ ಯಾವ ಸೆಮಿಸ್ಟರಿನಲ್ಲಿ ಕಲಿತರೂ ಸರಿಯೇ.

ಉಳಿದದ್ದು ಬಾಗಿಲಿನ ಮಾತು. ಸೊಸೈಟಿಯ ಕಾರ್ಯದರ್ಶಿಗಳು, ಬ್ಯಾಂಕಿನ ಶಾಖಾ ವ್ಯವಸ್ಥಾಪಕರು, ಕಿರಾಣಿ ಅಂಗಡಿಯವರು, ಔಷಧದ ಅಂಗಡಿಯವರು, ಲೆಕ್ಕ ಪರಿಶೋಧಕರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮೂರಿನ ಕಾಲೇಜಿನ ಹುಡುಗ ಹುಡುಗಿಯರು ಒಂದು ಚೀಟಿ ಹಿಡಿದು ಬಂದರೆ, ಗಿರಾಕಿಗಳ ಹೆಸರು ಮುಚ್ಚಿಟ್ಟೇ ಆಗಲಿ, ಒಂದು ಗಂಟೆ ಕೂರಿಸಿಕೊಂಡು ಆ ಚೀಟಿ ನಿಮ್ಮ ಪುಸ್ತಕದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿ.